ಯೂರಿಯಾದ ಸರತಿ ಸಾಲು ಮತ್ತು ಮಣ್ಣಿನ ಕಾಣದ ಜೀವಿಗಳು

2025ರಲ್ಲಿ ಮುಂಗಾರು ಮೇ 26ರಂದೇ ಮುಂಬಯಿಗೆ ಬಂದಿಳಿಯಿತು. ಅದೇ ಹಂಗಾಮಿನ ಜುಲೈ-ಆಗಸ್ಟ್‌ನಲ್ಲಿ ಕರ್ನಾಟಕದ ಹಲವು ಜಿಲ್ಲೆಗಳ ರೈತರು ಯೂರಿಯಾ ಚೀಲಕ್ಕಾಗಿ ಸರತಿಯಲ್ಲಿ ನಿಂತರು. ಕೇಂದ್ರ ಮತ್ತು ರಾಜ್ಯ ಸರಕಾರಗಳು ಎಂದಿನಂತೆ ಪರಸ್ಪರ ದೂಷಿಸಿಕೊಂಡವು. ಬಿತ್ತನೆ ಬೇಗನೆ ಆದುದು, ಮೆಕ್ಕೆಜೋಳದ ಕ್ಷೇತ್ರ ಹೆಚ್ಚಿದುದು ಮುಂತಾದ ಕಾರಣಗಳೂ ಕೇಳಿಬಂದವು. ಆದರೆ ಆ ಚೀಲ ಹೊಲ ಸೇರಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಈ ಗದ್ದಲದಲ್ಲಿ ಮೂಲೆಗೆ ಸರಿಯಿತು.

ಮೊದಲ ಮಳೆಗೆ ಏಳುವ ಮಣ್ಣಿನ ಕಂಪಿಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಮುಂತಾದ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು. ಬೇಸಗೆಯಲ್ಲಿ ನಿಶ್ಚಲವಾಗಿದ್ದ ಜೀವಿಗಳು ತೇವ ತಗಲಿದೊಡನೆ ಎಚ್ಚೆತ್ತು, ಒಣಗಿದ ಎಲೆ-ಬೇರುಗಳನ್ನು ಕೊಳೆಯಿಸಿ ಸಾರಜನಕವನ್ನು ಬಿಡುಗಡೆ ಮಾಡುತ್ತವೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆಯ ಹಿಂದೆ ಈ ಅನುಭವವೂ ಇದ್ದೀತು.

ಯೂರಿಯಾವನ್ನು ಪೈರಿಗೆ ಉಣಿಸುವವೂ ಬಹುಮಟ್ಟಿಗೆ ಈ ಜೀವಿಗಳೇ. ಅವು ಅದನ್ನು ಅಮೋನಿಯಂ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮಳೆ ಹದವಾಗಿದ್ದರೆ ಸರಿ. ಅತಿಯಾದರೆ ನೈಟ್ರೇಟ್ ಬೇರಿಗೆ ಎಟುಕದಷ್ಟು ಆಳಕ್ಕೆ ಬಸಿದುಹೋಗುತ್ತದೆ. ನೀರು ನಿಂತ ಹೊಲದಲ್ಲಿ ಬೇರೊಂದು ಗುಂಪಿನ ಜೀವಿಗಳು ಅದನ್ನು ಅನಿಲವಾಗಿಸುತ್ತವೆ. ಮಳೆ ಕೈಕೊಟ್ಟರೆ ಮೇಲೆರಚಿದ ಯೂರಿಯಾದ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ರೈತನ ಕಣ್ಣಿಗೆ ಬೀಳುವುದು ಹಳದಿಯಾದ ಪೈರು ಮಾತ್ರ. ಆತ ಮತ್ತೊಂದು ಚೀಲಕ್ಕೆ ಸಾಲಿನಲ್ಲಿ ನಿಲ್ಲುತ್ತಾನೆ.

ಬೆಲೆಯೂ ಅವನನ್ನು ಅತ್ತಲೇ ತಳ್ಳುತ್ತದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. 2025ರಲ್ಲಿ 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. 50 ಕಿಲೋ ಡಿಎಪಿಗೆ 1,350 ರೂಪಾಯಿ. ಹೀಗಿರುವಾಗ ಸಮತೋಲನ ಗೊಬ್ಬರದ ಉಪದೇಶ ಯಾರ ಕಿವಿಗೆ ಬಿದ್ದೀತು?

ಇದರ ಪರಿಣಾಮವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೆಂಪು ಮಣ್ಣಿನಲ್ಲಿ ರಾಗಿ-ಮೆಕ್ಕೆಜೋಳದ ದೀರ್ಘಕಾಲಿಕ ಪ್ರಯೋಗ ತೋರಿಸಿಕೊಟ್ಟಿದೆ. ಸಾರಜನಕವನ್ನಷ್ಟೇ ಕೊಟ್ಟ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಮೂರೂ ಪೋಷಕಾಂಶಗಳ ಜೊತೆಗೆ ಕೊಟ್ಟಿಗೆ ಗೊಬ್ಬರ ಕಂಡ ತಾಕುಗಳಲ್ಲಿ ಇಳುವರಿಯೂ ಸೂಕ್ಷ್ಮಜೀವಿಗಳೂ ಉಳಿದವು. ಆದ್ದರಿಂದ ರಾಸಾಯನಿಕ ಗೊಬ್ಬರವೇ ವಿಷ ಎಂಬ ಕೂಗು ನನಗೆ ಒಪ್ಪಿಗೆಯಿಲ್ಲ. 2021ರಲ್ಲಿ ಶ್ರೀಲಂಕಾ ಅದನ್ನು ಏಕಾಏಕಿ ನಿಷೇಧಿಸಿ, ಅದೇ ವರ್ಷ ಹಿಂದೆಗೆಯಬೇಕಾಯಿತು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ಅಳೆಯುತ್ತದೆ. ಸಾವಯವ ಇಂಗಾಲವಿದೆ, ಸತುವಿದೆ, ಬೋರಾನ್ ಇದೆ. ಇಷ್ಟೆಲ್ಲ ದುಡಿಯುವ ಜೀವಿಗಳ ಲೆಕ್ಕ ಮಾತ್ರ ಇಲ್ಲ. ಲೆಕ್ಕವೇ ವೃತ್ತಿಯಾದ ನನ್ನಂಥವನಿಗೆ ಇದು ಕೂಲಿಯಾಳುಗಳನ್ನು ಬಿಟ್ಟು ಕಾರ್ಖಾನೆಯ ಸರಕನ್ನಷ್ಟೇ ಎಣಿಸಿದಂತೆ ಕಾಣುತ್ತದೆ.

ನಾನು ಗ್ರಾಮೀಣ ಶಾಖೆಯಲ್ಲಿದ್ದಾಗ ಬೆಳೆಸಾಲದ ಅರ್ಜಿಗಳಲ್ಲಿ ಗೊಬ್ಬರದ ಖರ್ಚನ್ನು ಚೀಲದ ಲೆಕ್ಕದಲ್ಲಿ ತುಂಬಿಸುತ್ತಿದ್ದೆ. ಒಮ್ಮೆ ವೃದ್ಧ ರೈತರೊಬ್ಬರು, "ಎತ್ತು ಮಾರಿದ ಮೇಲೆ ಕೊಟ್ಟಿಗೆ ಖಾಲಿ ಸ್ವಾಮಿ, ಎರಡು ಗಾಡಿ ತಿಪ್ಪೆಗೊಬ್ಬರ ಕೊಳ್ಳುವುದಕ್ಕೆ ಸಾಲ ಕೊಡುತ್ತೀರಾ?" ಎಂದು ಕೇಳಿದರು. ಅದಕ್ಕೆ ರಶೀದಿ ಎಲ್ಲಿಂದ ತರುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕಿದೆ. ಅವರು ನಕ್ಕು, ಯೂರಿಯಾವನ್ನೇ ಬರೆದುಕೊಳ್ಳಿ ಎಂದರು. ಬರೆದುಕೊಂಡೆ.