ರೀಫಂಡ್ ಬರಲು ಒಟಿಪಿ ಬೇಡ ಮಾರಾಯ್ರೆ

ಗಲ್ಫ್‌ನಲ್ಲಿ ದುಡಿಯುವವನಿಗೆ ಇಲ್ಲಿ ಎಂಥ ಇನ್‌ಕಮ್ ಟ್ಯಾಕ್ಸ್ ಎಂದು ಕೇಳುವವರಿದ್ದಾರೆ. ಎನ್‌ಆರ್‌ಐ ಆದವರು ಅಲ್ಲಿ ಪಡೆಯುವ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ಸರಿ. ಆದರೆ ಬ್ರಹ್ಮಾವರದಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆಗೆ ಶೇ.30 ಟಿಡಿಎಸ್, ಮೇಲೆ ಸೆಸ್. ಶಿರೂರಿನ ಜಾಗ ಮಾರಿದರೆ ಅದಕ್ಕೂ ಕಡಿತ, ಹಲವು ಬಾರಿ ಪೂರ್ತಿ ಬೆಲೆಯ ಮೇಲೆಯೇ. ಹೆಚ್ಚಾಗಿ ಕಡಿತವಾದದ್ದನ್ನು ರಿಟರ್ನ್ ಸಲ್ಲಿಸಿಯೇ ವಾಪಸ್ ಪಡೆಯಬೇಕು. ಹಾಗಾಗಿ ರೀಫಂಡಿಗೆ ಕಾಯುವ ಮನೆಗಳು ನಮ್ಮಲ್ಲೂ ಇವೆ.

ವಂಚಕನಿಗೆ ಬೇಕಾದದ್ದು ಈ ಕಾಯುವಿಕೆಯೇ. ‘15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಲಿಂಕ್ ಒತ್ತಿ ಖಾತೆ ಸಂಖ್ಯೆ ಸರಿಪಡಿಸಿ’ ಎಂಬ ಮೆಸೇಜ್ 2023ರಲ್ಲಿ ಹರಿದಾಡಿತ್ತು. ಅದು ನಕಲಿ ಎಂದು ಕೇಂದ್ರ ಸರಕಾರದ ಪಿಐಬಿಯೇ ಹೇಳಿತ್ತು. ಮೊತ್ತ ಬದಲಾಗುತ್ತದೆ, ಆಟ ಅದೇ. ನಿಜವಾದ ರೀಫಂಡ್ ಬರುವುದು ಇಲಾಖೆಯ ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ. ಅದಕ್ಕಾಗಿ ಯಾರೂ ಫೋನ್ ಮಾಡಿ ಒಟಿಪಿ, ಎಟಿಎಂ ಪಿನ್ ಕೇಳುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳುಹಿಸುವುದೂ ಇಲ್ಲ. ನೋಟಿಸ್ ಬಂದರೆ ಅದರಲ್ಲಿ ‘ಡಿನ್’ ಎಂಬ ಗುರುತು ಸಂಖ್ಯೆ ಇರಬೇಕು. 2019ರ ಅಕ್ಟೋಬರ್ 1ರಿಂದ ಇದು ನಿಯಮ. ಆ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ನನ್ನ ತಕರಾರು ಇರುವುದು ಮನೆಯ ಗಂಡಸರ ಮೇಲೆ. ಖಾತೆಗೆ ಜೋಡಿಸಿದ ಊರಿನ ಸಿಮ್ ಉಮ್ಮನ ಕೈಯಲ್ಲೋ ಹೆಂಡತಿಯ ಕೈಯಲ್ಲೋ ಇರುತ್ತದೆ. ಒಟಿಪಿ ಬರುವುದು ಅಲ್ಲಿಗೆ. ‘ನಂಬರ್ ಬಂದ್ರೆ ಹೇಳಿ’ ಎಂದು ಕಲಿಸಿದ್ದೇವೆಯೇ ಹೊರತು ಯಾರಿಗೆ ಹೇಳಬಾರದು ಎಂದು ಕಲಿಸಲಿಲ್ಲ. ಆಮೇಲೆ ಹಣ ಹೋದರೆ ‘ನಿಮಗೆ ಅಷ್ಟೂ ಗೊತ್ತಾಗಲ್ವಾ’ ಎಂದು ಅವರನ್ನೇ ಗದರಿಸುವುದು ಯಾವ ನ್ಯಾಯ?

ಇನ್ನೊಂದು ಬಗೆಯವರು ಮನೆ ಬಾಗಿಲಿಗೇ ಬರುತ್ತಾರೆ. ‘ಜಾಸ್ತಿ ರೀಫಂಡ್ ಮಾಡಿಸಿ ಕೊಡ್ತೇನೆ, ನನಗೆ ಪರ್ಸೆಂಟೇಜ್ ಕೊಡಿ’ ಎನ್ನುವವರು. ಕೊಡದ ದೇಣಿಗೆ, ಕಟ್ಟದ ಬಾಡಿಗೆ ತೋರಿಸಿ ರಿಟರ್ನ್ ತುಂಬುತ್ತಾರೆ. 2025ರ ಜುಲೈಯಲ್ಲಿ ಇಂಥ ಸುಳ್ಳು ವಿನಾಯಿತಿಗಳ ವಿರುದ್ಧ ಇಲಾಖೆ ದೇಶದ 150 ಕಡೆ ತಪಾಸಣೆ ನಡೆಸಿತು. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಶೇ.200ರವರೆಗೆ ದಂಡ. ಕಟ್ಟಬೇಕಾದವರು ಪ್ಯಾನ್ ಕಾರ್ಡಿನವರು, ಏಜೆಂಟ್ ಅಲ್ಲ.

ಹಣ ಹೋಯಿತು ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಉಡುಪಿಯಲ್ಲಿ ಸೆನ್ ಠಾಣೆಯೂ ಇದೆ. ಮಗ ಬೈಯುತ್ತಾನೆಂದು ಉಮ್ಮ ಎರಡು ದಿನ ಸುಮ್ಮನಿದ್ದರೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಇವತ್ತು ವಿಡಿಯೋ ಕಾಲ್ ಮಾಡಿದಾಗ ಬೈಯುವುದಿಲ್ಲ ಎಂಬ ಮಾತನ್ನು ಮೊದಲು ಹೇಳಿ, 1930 ನಂಬರನ್ನು ಆಮೇಲೆ ಬರೆಸಿ.