ಮನೆಯ ನೆತ್ತಿಯೂ ತಂಪಾಗಿರಲಿ

ಶಿವರಾತ್ರಿ ಕಳೆದರೆ ಚಳಿ ತನ್ನ ದಾರಿ ಹಿಡಿಯಿತೆಂದೇ ನಮ್ಮ ಹಿರಿಯರ ಲೆಕ್ಕ. ಯುಗಾದಿಯ ಬೇವು-ಬೆಲ್ಲ ಹಂಚುವ ಹೊತ್ತಿಗೆ ಕಲಬುರಗಿ, ರಾಯಚೂರು, ವಿಜಯಪುರದ ಬಯಲುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದು ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದನ್ನು ದಾಟಿ ಮುಂದೆ ಹೋಗುತ್ತದೆ. ಈ ಭಾಗದ ಬಿಸಿಲನ್ನು ಕಂಡೇ ಸರ್ಕಾರವು ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿಯಿದೆ. ಇದು ಯೋಗ್ಯವಾದ ಕ್ರಮವೇ. ಆದರೆ ಮಧ್ಯಾಹ್ನ 1.30ಕ್ಕೆ ನೌಕರನು ಮರಳಿ ಬರುವ ಆ ಮನೆಯೊಳಗೆ ಬೆಳಗಿನಿಂದ ಮಲಗಿರುವ ವೃದ್ಧ ತಾಯಿಗೆ, ಹಸುಗೂಸಿಗೆ, ಬಾಣಂತಿಗೆ ಯಾವ ವೇಳೆಯನ್ನು ಬದಲಿಸಿಕೊಡುವವರು ಯಾರು?

ಬಿಸಿಲಿನ ಕುರಿತು ನಾವು ಹೇಳುವ ಆರೋಗ್ಯದ ಮಾತುಗಳೆಲ್ಲ ಮನೆಯ ಹೊರಗಿನವು. ತಲೆಗೆ ಬಟ್ಟೆ ಸುತ್ತಿಕೊಳ್ಳಿ, ನಡುಹಗಲಿನಲ್ಲಿ ತಿರುಗಾಡಬೇಡಿ, ನೆರಳಿಗೆ ಬನ್ನಿ ಎನ್ನುತ್ತೇವೆ. ಮನೆಯೇ ಬಿಸಿಲಿಗಿಂತ ಕೆಟ್ಟ ಜಾಗವಾದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಹಳೆಯ ಮನೆಗಳ ಚಾವಣಿಗೆ ಶಾಖನಿರೋಧಕ ಹೊದಿಕೆ ಹಾಕಿಸುವುದು ಕಟ್ಟಡದ ವಿಷಯವಷ್ಟೇ ಅಲ್ಲ, ಆರೋಗ್ಯದ ವಿಷಯವೂ ಹೌದು ಎಂಬುದೇ ಈ ತಿಂಗಳು ನಾವು ಓದುಗರ ಮುಂದಿಡುವ ಅಭಿಪ್ರಾಯ.

ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಎರಡು ಅಡಿ ದಪ್ಪದ ಗೋಡೆಯ ಹಳೆಯ ಮಾಳಿಗೆ ಮನೆ. ಮುಂದಿನ ಪಡಸಾಲೆಯನ್ನು ಹಾಗೆಯೇ ಉಳಿಸಿಕೊಂಡು, ಸೋರುತ್ತಿದ್ದ ಹಿಂದಿನ ಭಾಗವನ್ನು ಕೆಡವಿ ಅಲ್ಲಿ ಕಾಂಕ್ರೀಟಿನ ಕೋಣೆ ಕಟ್ಟಿಸಿದರು. ಶೌಚಾಲಯವು ಸಮೀಪವೆಂದು ಎಂಬತ್ತು ದಾಟಿದ ಅಜ್ಜಿಯ ಮಂಚವನ್ನು ಆ ಹೊಸ ಕೋಣೆಗೆ ಹಾಕಿದರು. ಮಕ್ಕಳ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ. ಏಪ್ರಿಲಿನ ಒಂದು ಸಂಜೆ ಅಜ್ಜಿ ಏನೇನೋ ಬಡಬಡಿಸತೊಡಗಿದರು, ಮಗನ ಗುರುತು ಹಿಡಿಯಲಿಲ್ಲ, ಮೈ ಕೆಂಡದಂತೆ ಸುಡುತ್ತಿತ್ತು. ಜ್ವರವೆಂದು ಭಾವಿಸಿ ಕಂಬಳಿ ಹೊದಿಸಲು ಹೊರಟವರನ್ನು ನೆರೆಮನೆಯವರು ತಡೆದು ಆಸ್ಪತ್ರೆಗೆ ಸಾಗಿಸಿದರು. ಅದು ಜ್ವರವಲ್ಲ, ಉಷ್ಣಾಘಾತ. ಅಂದು ಅಜ್ಜಿ ಅಂಗಳಕ್ಕೂ ಇಳಿದಿರಲಿಲ್ಲ. ಜೀವ ಉಳಿಯಿತು. ಆದರೆ ಮೊದಲಿನಂತೆ ಓಡಾಡಲು ಆಗಲಿಲ್ಲ.

ಹೀಗೇಕಾಯಿತು? ಕಲಬುರಗಿಯ ಅಕ್ಷಾಂಶವು ಸುಮಾರು 17 ಡಿಗ್ರಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಇಲ್ಲಿ ಸೂರ್ಯನು ನಡುಹಗಲಿನಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಗೋಡೆಗಳಿಗಿಂತಲೂ ಹೆಚ್ಚು ಬಿಸಿಲನ್ನು ಹೊರುವುದು ಚಾವಣಿ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ಹಗಲೆಲ್ಲ ಈ ಶಾಖವನ್ನು ಕುಡಿದು, ಕೆಲವು ತಾಸುಗಳ ತರುವಾಯ ಕೆಳಗಿನ ಕೋಣೆಗೆ ಬಿಡಲಾರಂಭಿಸುತ್ತದೆ. ಆದ್ದರಿಂದಲೇ ಹೊರಗೆ ಸಂಜೆಯ ಗಾಳಿ ಬೀಸಿದರೂ ಒಳಗೆ ಚಾವಣಿ ಬಿಸಿಯಾಗಿಯೇ ಇರುತ್ತದೆ. ಅದರ ಕೆಳಗೆ ತಿರುಗುವ ಫ್ಯಾನು ಮೇಲಿನ ಬಿಸಿಗಾಳಿಯನ್ನೇ ಮಂಚದ ಮೇಲೆ ಸುರಿಯುತ್ತದೆ. ಗಾಳಿಯ ಉಷ್ಣತೆ ಸುಮಾರು 35 ಡಿಗ್ರಿ ದಾಟಿತೆಂದರೆ ಅದು ನಮ್ಮ ಚರ್ಮಕ್ಕಿಂತ ಬಿಸಿಯಾಯಿತು. ಅಲ್ಲಿಂದ ಮುಂದೆ ದೇಹವನ್ನು ತಂಪಾಗಿಸುವುದು ಬೆವರು ಆರುವುದೊಂದೇ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಔಷಧಗಳನ್ನು ಸೇವಿಸುವವರಿಗೆ ಅಪಾಯ ಇನ್ನೂ ಹೆಚ್ಚು. ಔಷಧವನ್ನು ತಾವಾಗಿ ನಿಲ್ಲಿಸಬಾರದು, ಬೇಸಿಗೆಯ ಮೊದಲೇ ವೈದ್ಯರನ್ನು ಕೇಳಬೇಕು. ರಾತ್ರಿಯಾದರೂ ದೇಹ ತಣಿದರೆ ಮರುದಿನದ ಬಿಸಿಲನ್ನು ತಾಳಿಕೊಳ್ಳುತ್ತದೆ. ಆ ರಾತ್ರಿಯನ್ನೇ ನಮ್ಮ ಚಾವಣಿಗಳು ಕಸಿದುಕೊಂಡಿವೆ.

ಹಿಂದಿನವರಿಗೆ ಈ ಬಿಸಿಲು ಇರಲಿಲ್ಲವೇ ಎಂದು ಕೇಳುವವರುಂಟು. ಇತ್ತು. ಅವರ ತಲೆಯ ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಗೇಣುದ್ದ ಮಣ್ಣು ಇತ್ತು. ಬೆಳಕಿಂಡಿಯ ಮೂಲಕ ಬಿಸಿಗಾಳಿ ಹೊರಹೋಗುತ್ತಿತ್ತು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಬೀಳುತ್ತಿತ್ತು. ಹಾಗೆಂದು ಹಳೆಯದೆಲ್ಲವನ್ನೂ ಹಾಡಿ ಹೊಗಳುವುದು ನಮ್ಮ ಉದ್ದೇಶವಲ್ಲ. ಮಣ್ಣಿನ ಮಾಳಿಗೆಯನ್ನು ವರ್ಷವರ್ಷವೂ ನೋಡಿಕೊಳ್ಳಬೇಕು, ಅದು ಸೋರುತ್ತದೆ, ಗೆದ್ದಲು ತಿಂದ ತೊಲೆ ಮಳೆಗಾಲದಲ್ಲಿ ಕುಸಿದು ಜೀವ ತೆಗೆದದ್ದೂ ಉಂಟು. ಅದನ್ನು ಬಿಟ್ಟುಬಂದದ್ದು ತಪ್ಪಲ್ಲ. ಬಿಟ್ಟುಬರುವಾಗ ಆ ಗೇಣುದ್ದ ಮಣ್ಣು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾವುದು ಮಾಡಬೇಕೆಂದು ಕೇಳದೆ ಹೋದದ್ದು ತಪ್ಪು.

ಈ ಪ್ರಶ್ನೆಯನ್ನು ಬೇರೆಡೆ ಕೇಳಿದವರಿದ್ದಾರೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. ಅದರ ತರುವಾಯ 2013ರಲ್ಲಿ ಆ ನಗರವು ಬಿಸಿಗಾಳಿಯನ್ನು ಎದುರಿಸುವ ಕ್ರಿಯಾಯೋಜನೆಯನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿಯ ಬಣ್ಣ ಬಳಿಯುವ ಕೆಲಸವೂ ಅದರೊಂದಿಗೆ ಸೇರಿತು. ನಮ್ಮ ನೆರೆಯ ತೆಲಂಗಾಣವು 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿಯನ್ನು ಹೊರತಂದಿತು. ಕೇಂದ್ರದ ಇಕೋ ನಿವಾಸ್ ಸಂಹಿತೆಯು 2018ರಲ್ಲಿಯೇ ವಸತಿ ಕಟ್ಟಡದ ಚಾವಣಿಯ ಮೂಲಕ ಹಾಯುವ ಶಾಖಕ್ಕೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್ ಎಂಬ ಮಿತಿಯನ್ನು ಹಾಕಿದೆ. ಬರಿಯ ಕಾಂಕ್ರೀಟ್ ಚಾವಣಿಯಲ್ಲಿ ಹಾಯುವುದು ಇದರ ಸುಮಾರು ಮೂರು ಪಟ್ಟು. ಆದರೆ ಆ ಸಂಹಿತೆಯ ದೃಷ್ಟಿ ಇರುವುದು ಹೊಸದಾಗಿ ಕಟ್ಟುವ ವಸತಿಗಳ ಮೇಲೆ. ಮುದುಕರು ಬಾಳುತ್ತಿರುವುದು ಹಳೆಯ ಮನೆಗಳಲ್ಲಿ. ಅವುಗಳ ಹೊಣೆಯನ್ನು ನಾವೇ ಹೊರಬೇಕಾಗಿದೆ.

ಮೊದಲ ಮದ್ದು ಸುಣ್ಣ. ಹಬ್ಬ ಬಂದರೆ ಗೋಡೆಗೆ ಸುಣ್ಣ ಬಳಿಯುವ ನಾವು, ಬಿಸಿಲು ಬೀಳುವ ಮಾಳಿಗೆಯ ಮೇಲ್ಭಾಗವನ್ನು ಕಪ್ಪಗೆ ಪಾಚಿಗಟ್ಟಲು ಬಿಟ್ಟಿದ್ದೇವೆ. ಹೊಸದಾಗಿ ಬಳಿದ ಬಿಳಿ ಮೇಲ್ಮೈ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಕಳುಹಿಸಬಲ್ಲದು. ಇದರಿಂದ ಒಳಗಿನ ಉಷ್ಣತೆ 2ರಿಂದ 5 ಡಿಗ್ರಿಯವರೆಗೆ ಇಳಿಯಬಹುದೆಂಬುದು ಸಾಮಾನ್ಯ ಅಂದಾಜು. ಬಿರುಕುಗಳನ್ನು ಮುಚ್ಚಿಸಿ, ಚಾವಣಿಯನ್ನು ತಿಕ್ಕಿ ತೊಳೆದು, ರಾತ್ರಿ ನೆನೆಸಿ ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ, ಎರಡು ಮೂರು ಸಲ ಬಳಿಯಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಆದ್ದರಿಂದ ಕನ್ನಡಕವೂ ಕೈಚೀಲವೂ ಇರಲೇಬೇಕು. ಧೂಳು ಕೂತು ಮಳೆ ತೊಳೆದು ಬಿಳುಪು ಮಾಸುವುದರಿಂದ ಪ್ರತಿ ವರ್ಷ ಶಿವರಾತ್ರಿ ಮತ್ತು ಯುಗಾದಿಯ ನಡುವೆ ಇದನ್ನು ಮತ್ತೆ ಮಾಡಬೇಕು.

ಎರಡನೆಯದು ಹೊದಿಕೆ. ಶಾಖನಿರೋಧಕ ಫಲಕಗಳಲ್ಲಿ ಸಣ್ಣ ಸಣ್ಣ ಗುಳ್ಳೆಗಳಾಗಿ ಸೆರೆಯಾದ ಗಾಳಿಯೇ ಶಾಖವನ್ನು ತಡೆಯುತ್ತದೆ. ಕಾಂಕ್ರೀಟಿನಲ್ಲಿ ಶಾಖ ಹರಿಯುವುದು ಇಂಥ ಫಲಕದಲ್ಲಿ ಹರಿಯುವುದಕ್ಕಿಂತ ಸುಮಾರು 40 ಪಟ್ಟು ಸುಲಭ. ಎರಡು ಅಂಗುಲದ ಫಲಕವನ್ನು ಚಾವಣಿಯ ಮೇಲೆ ಹಾಸಿ, ನೀರು ಇಂಗದಂತೆ ಮಾಡಿ, ಅದರ ಮೇಲೆ ಗಾರೆಯನ್ನೋ ಬಿಳಿಯ ಹೆಂಚನ್ನೋ ಹಾಕಿಸಿದರೆ ಮೇಲೆ ಹೇಳಿದ ಮಿತಿಯೊಳಗೆ ಬರಲು ಸಾಧ್ಯ. ಹೊದಿಕೆ ಕಾಂಕ್ರೀಟಿನ ಮೇಲ್ಬದಿಗೆ ಇರುವುದು ಲೇಸು. ಆಗ ಕಾಂಕ್ರೀಟು ಬಿಸಿಯನ್ನು ಕುಡಿಯುವುದೇ ಇಲ್ಲ. ಥರ್ಮೋಕೋಲಿಗೆ ಬೆಂಕಿ ಬೇಗ ಹತ್ತುವುದರಿಂದ ಅದನ್ನು ಬರಿದಾಗಿ ಕೋಣೆಯೊಳಗೆ ಅಂಟಿಸುವುದು ಸಲ್ಲದು.

ತಗಡಿನ ಮನೆಗೆ ಮೇಲೆ ಬಿಳಿಯ ಬಣ್ಣವೂ ಕೆಳಗೆ ಒಂದಡಿ ಅಂತರದಲ್ಲಿ ಬಿದಿರಿನ ತಟ್ಟಿಯ ಒಳಚಾವಣಿಯೂ ಬೇಕು. ನಡುವಿನ ಬಿಸಿಗಾಳಿ ಹೊರಹೋಗಲು ಎರಡೂ ಕೊನೆಗಳಲ್ಲಿ ಕಿಂಡಿ ಬಿಡಬೇಕು. ಒಲೆ ಉರಿಯುವ ಜಾಗದ ಮೇಲೆ ತಟ್ಟಿಯಾಗಲಿ ಕಣಿಕೆಯಾಗಲಿ ಇರಕೂಡದು. ಆಸ್ಬೆಸ್ಟಾಸ್ ಸಿಮೆಂಟಿನ ತಗಡಾಗಿದ್ದರೆ ಅದನ್ನು ಕೊರೆಯುವುದು, ಕತ್ತರಿಸುವುದು, ಒಣಗಿದ್ದಾಗ ತಿಕ್ಕುವುದು ಬೇಡ. ಆ ಧೂಳಿನ ಎಳೆಗಳು ಶ್ವಾಸಕೋಶವನ್ನು ಸೇರಿ ಮುಂದೆ ಕ್ಯಾನ್ಸರಿಗೂ ಕಾರಣವಾಗುತ್ತವೆ.

ಮಣ್ಣಿನ ಮಾಳಿಗೆ ಇನ್ನೂ ಉಳಿದಿದ್ದರೆ ಆತುರದಿಂದ ಅದರ ಮೇಲೆ ಕಾಂಕ್ರೀಟಿನ ಭಾರ ಹೇರಬೇಡಿ. ಮೊದಲು ಬಲ್ಲವರಿಂದ ತೊಲೆಗಳನ್ನು ಪರೀಕ್ಷಿಸಿ. ದಪ್ಪ ಗೋಡೆಯನ್ನು ಕೆಡವಬೇಡಿ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ, ಸುಣ್ಣದ ಗಿಲಾವೇ ಅದಕ್ಕೆ ಯೋಗ್ಯ.

ಒಂದು ಎಚ್ಚರಿಕೆ. ಹೊದಿಕೆಯು ಹೊರಗಿನ ಶಾಖವನ್ನು ತಡೆಯುವಂತೆಯೇ ಒಳಗಿನ ಶಾಖವನ್ನೂ ಹಿಡಿದಿಡುತ್ತದೆ. ಆದ್ದರಿಂದ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವ ಹಗಲಿನಲ್ಲಿ ಕಿಟಕಿಗಳನ್ನು ಮುಚ್ಚಿ, ರಾತ್ರಿ ಎದುರುಬದುರು ತೆರೆದಿಡಬೇಕು. ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ತಟ್ಟಿ ಮೇಲು, ತಟ್ಟಿಗಿಂತ ಒಂದು ಬೇವಿನ ಮರ ಮೇಲು.

ಇಷ್ಟೆಲ್ಲ ಏಕೆ, ಒಂದು ಕೂಲರನ್ನೋ ಏಸಿಯನ್ನೋ ತಂದರಾಯಿತಲ್ಲ ಎನ್ನುವವರಿಗೆ ನಮ್ಮ ಉತ್ತರವಿಷ್ಟೇ. ನಮ್ಮ ಒಣ ಸೀಮೆಯಲ್ಲಿ ಕೂಲರು ಉಪಯುಕ್ತವೇ, ಕಾಯಿಲೆಯವರಿಗೆ ಏಸಿ ಬೇಕಾಗಲೂಬಹುದು. ಆದರೆ ಕಾದ ಚಾವಣಿಯ ಕೆಳಗೆ ಅವನ್ನು ನಡೆಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ವಿದ್ಯುತ್ತು ಹೋದ ಗಳಿಗೆಯಲ್ಲಿ ಯಂತ್ರ ನಿಲ್ಲುತ್ತದೆ. ಮಾಳಿಗೆಯ ಮೇಲಿನ ಸುಣ್ಣ ನಿಲ್ಲುವುದಿಲ್ಲ. ಮೊದಲು ಚಾವಣಿ, ಆಮೇಲೆ ಯಂತ್ರ ಎಂಬ ಕ್ರಮವನ್ನು ಪಾಲಿಸಿದರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ.

ಹಣವೇ ಇಲ್ಲದ ಮನೆಯಲ್ಲಿಯೂ ಮಾಡಬಹುದಾದ ಒಂದು ಕೆಲಸವಿದೆ. ಮಂಚವನ್ನು ಸರಿಸುವುದು. ಮೇಲಂತಸ್ತಿನ ಕೋಣೆಯಲ್ಲಿಯೋ ತಗಡಿನ ಕೆಳಗೋ ಮಲಗಿರುವ ಹಿರಿಯರನ್ನು ಬೇಸಿಗೆಯ ಎರಡು ತಿಂಗಳಾದರೂ ಮನೆಯ ಅತ್ಯಂತ ತಂಪಾದ ಜಾಗಕ್ಕೆ ತನ್ನಿ. ಬಾಣಂತಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಂಚದ ಕೆಳಗೆ ಕೆಂಡ ಇಡುವ ರೂಢಿ ಚಳಿಗಾಲದಲ್ಲೂ ಹೊಗೆಯ ದೆಸೆಯಿಂದ ಒಳ್ಳೆಯದಲ್ಲ. ಏಪ್ರಿಲಿನಲ್ಲಿ ಅದು ತಾಯಿ ಮಗು ಇಬ್ಬರಿಗೂ ಕಂಟಕ. ಇದನ್ನು ಹಿರಿಯ ಹೆಣ್ಣುಮಕ್ಕಳಿಗೆ ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಬಿಸಿಯಾದ ಮೈ, ತೊದಲುವ ಮಾತು, ಗುರುತು ತಪ್ಪುವುದು ಕಂಡರೆ ಅದು ಉಷ್ಣಾಘಾತವೆಂದೇ ತಿಳಿಯಬೇಕು. ದೇಹದ ಒಳಗಿನ ಉಷ್ಣತೆ ಆಗ 40 ಡಿಗ್ರಿ ದಾಟಿರುತ್ತದೆ. 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಸುಮ್ಮನಿರದೆ ತಂಪು ಜಾಗಕ್ಕೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ನಾವು ಹೇಳಿದ ಅಜ್ಜಿಯ ಮಂಚ ಈಗ ಮುಂದಿನ ಪಡಸಾಲೆಯಲ್ಲಿದೆ. ಹಿಂದಿನ ಕೋಣೆಯ ಮೇಲೆ ಸುಣ್ಣ ಬಿದ್ದಿದೆ, ಮುಂದಿನ ವರ್ಷಕ್ಕೆ ಫಲಕ ಹಾಸುವ ಯೋಚನೆ ನಡೆದಿದೆ. ಈ ಕೆಲಸ ಒಂದು ವರ್ಷ ಮೊದಲು ಆಗಿದ್ದರೆ ಎಂದು ಆ ಮಗ ಹೇಳುವಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮಕ್ಕಳ ನೆತ್ತಿಗೆ ಎಣ್ಣೆಯೊತ್ತಿ ತಂಪು ಮಾಡಿ ಬೆಳೆಸಿದವರು ನಮ್ಮ ತಾಯಂದಿರು. ಅವರು ಮಲಗುವ ಮನೆಯ ನೆತ್ತಿಯನ್ನು ತಂಪಾಗಿಡುವುದು ಈಗ ನಮ್ಮ ಸರದಿ. ಈ ಸಂಚಿಕೆಯನ್ನು ಓದಿ ಕೆಳಗಿಟ್ಟ ಮೇಲೆ ಒಮ್ಮೆ ಮೆಟ್ಟಿಲು ಹತ್ತಿ ಮಾಳಿಗೆಯನ್ನು ನೋಡಿ ಬನ್ನಿರೆಂದು ಓದುಗ ಬಂಧುಗಳಲ್ಲಿ ನಮ್ಮ ಅರಿಕೆ.