ಗುಂಯ್‌ಗುಡುವ ಕಾರು

ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಹಳೆಯ ಕಾರು ಹೊಸದೊಂದು ರಾಗ ತೆಗೆಯಿತು. ಊರೊಳಗೆ ಏನೂ ಇಲ್ಲ. ಹೆದ್ದಾರಿಯಲ್ಲಿ 40 ಕಿಲೋಮೀಟರ್ ವೇಗ ದಾಟಿದರೆ ಸಾಕು, ಎಲ್ಲೋ ದುಂಬಿ ಹಾರಿದ ಹಾಗೆ ಗುಂಯ್. 60ಕ್ಕೆ ಇನ್ನೂ ಜೋರು. 80ಕ್ಕೆ ಹೋದರೆ ಹಾಡು ಹಾಕಿದ್ದರೂ ಕೇಳುತ್ತಿತ್ತು.

ಮನೆ ಹತ್ತಿರದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ಬಂದು, "ಗೇರ್‌ಬಾಕ್ಸ್ ಇಳಿಸಿ ನೋಡ್ಬೇಕು ಸಾರ್" ಅಂದರು. ಅವರು ಹೇಳಿದ ಮೊತ್ತ ಕೇಳಿ ನಾನು ಕಾರನ್ನು ಹಾಗೇ ವಾಪಸ್ ತಂದೆ. ದೀಪಾವಳಿಗೆ ಹಾಸನದ ಅಜ್ಜಿ ಮನೆಗೆ ಹೊರಡಲು ಹತ್ತೇ ದಿನ ಉಳಿದಿತ್ತು.

ಭಾನುವಾರ ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ, ಆರನೇ ಕ್ಲಾಸಿನ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳೇ ಹೇಳಿದಳು: "ಅಪ್ಪಾ, ನೀನು ಗೇರ್ ಬದಲಾಯಿಸಿದಾಗ ಇಂಜಿನ್ ಸದ್ದು ಇಳೀತು. ಗುಂಯ್ ಇಳೀಲೇ ಇಲ್ಲ."

ಅರ್ಧ ಕೆಲಸ ಅಲ್ಲಿಗೇ ಮುಗಿಯಿತು! ಹೇಗೆ ಅಂತೀರಾ? ಕಾರು 60ರಲ್ಲಿ ಓಡುವಾಗ ಅದರ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ಸುತ್ತುತ್ತದೆ. ಇಂಜಿನ್ ಅದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಮೇಲಿನ ಗೇರ್ ಹಾಕಿದರೆ ಇಂಜಿನ್ ಸುತ್ತು ತಟ್ಟನೆ ಇಳಿಯುತ್ತದೆ, ಚಕ್ರದ್ದು ಇಳಿಯುವುದಿಲ್ಲ. ಹಾಗಾಗಿ ಇಂಜಿನ್ನಿನ ಜೊತೆ ಏರಿಳಿಯುವ ಸದ್ದಾದರೆ ಬೆಲ್ಟು, ಆಲ್ಟರ್ನೇಟರ್ ಕಡೆ ನೋಡಬೇಕು. ಅಂಥ ಸದ್ದು ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಬರುತ್ತದೆ. ನಮ್ಮದು ನಿಂತಾಗ ಮೌನವ್ರತ.

ಹಾಗಾದರೆ ಗೇರ್‌ಬಾಕ್ಸ್? ಹಲ್ಲುಚಕ್ರಗಳ ಸದ್ದು ಸಾಮಾನ್ಯವಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇರುತ್ತದೆ, ಯಾಕೆಂದರೆ ಹಲ್ಲುಗಳ ಮೇಲಿನ ಭಾರ ಬದಲಾಗುತ್ತದೆ. ಒತ್ತಿದೆ, ಬಿಟ್ಟೆ. ಗುಂಯ್‌ಗೆ ಯಾವ ವ್ಯತ್ಯಾಸವೂ ಇಲ್ಲ. (ಇಂಥ ಪರೀಕ್ಷೆಯಲ್ಲಿ ಓಡುವ ಕಾರಿನ ಕೀ ತಿರುಗಿಸಿ ಇಂಜಿನ್ ಆರಿಸುವವರಿದ್ದಾರೆ. ಖಂಡಿತ ಬೇಡ. ಸ್ಟಿಯರಿಂಗ್ ಬಿಗಿದುಕೊಳ್ಳುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ.)

ಉಳಿದದ್ದು ಟೈರು, ಇಲ್ಲವೇ ಚಕ್ರದ ಬೇರಿಂಗ್. ಟೈರು ಒಂದೊಂದು ಕಡೆ ಒಂದೊಂದು ಥರ ಸವೆದಿದ್ದರೂ ಹೀಗೇ ಗುಂಯ್‌ಗುಡುತ್ತದೆ. ಆದರೆ ಡಾಂಬರಿನಿಂದ ಕಾಂಕ್ರೀಟಿಗೆ ಬಂದರೆ ಆ ಸದ್ದು ಬದಲಾಗುತ್ತದೆ. ನಮ್ಮದು ಎರಡರಲ್ಲೂ ಒಂದೇ.

ಕೊನೆಗೆ ಅಗಲವಾದ ಒಂದು ಬಲತಿರುವು ಸಿಕ್ಕಿತು. "ಈಗ ಜೋರಾಯ್ತು!" ಎಂದಳು. ಮುಂದಿನ ಎಡತಿರುವಿನಲ್ಲಿ, "ಈಗ ಕಮ್ಮಿ." ಬಸ್ಸು ಬಲಕ್ಕೆ ತಿರುಗಿದಾಗ ನೀವು ಎಡಕ್ಕೆ ವಾಲುತ್ತೀರಲ್ಲ, ಕಾರಿನ ಭಾರವೂ ಹಾಗೇ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ. ಕೆಟ್ಟ ಬೇರಿಂಗ್ ಭಾರ ಬಿದ್ದಾಗಲೇ ಹೆಚ್ಚು ಕೂಗುವುದು. ಅಂದರೆ ಎಡಗಡೆ!

ಸೋಮವಾರ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ ಇಷ್ಟನ್ನೂ ಹೇಳಿದೆ. ಅವರು ನಕ್ಕು, ಎಡಗಡೆ ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿದರು. ಮಗಳನ್ನು ದೂರ ನಿಲ್ಲಿಸಿದರು, ಅದು ಸರಿಯೇ, ಎತ್ತಿದ ಕಾರಿನ ಹತ್ತಿರ ಮಕ್ಕಳು ಹೋಗಬಾರದು. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಟ್ಟರು. ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಸಣ್ಣಗೆ ಆಟ ಇತ್ತು.

"ಮಳೇಲಿ ನೀರು ನಿಂತ ರೋಡಲ್ಲಿ ಓಡಿಸಿದ್ರಾ ಸಾರ್?"

ಓಡಿಸಿದ್ದೆ, ಚಕ್ರ ಅರ್ಧ ಮುಳುಗುವಷ್ಟು ನೀರಿನಲ್ಲಿ. ಸೀಲಿನ ಸಂದಿಯಿಂದ ನೀರು ಒಳಗೆ ಹೋದರೆ ಗ್ರೀಸ್ ಕೆಡುತ್ತದೆ, ಉಕ್ಕಿನ ಗುಂಡುಗಳು ತುಕ್ಕು ಹಿಡಿದು ಕುಳಿಬೀಳುತ್ತವೆ. ಇನ್ನೂ ಹಾಗೇ ಓಡಿಸಿದ್ದರೆ ಆಟ ಹೆಚ್ಚಾಗುತ್ತಿತ್ತು, ಹೆದ್ದಾರಿಯಲ್ಲಿ ಚಕ್ರವೇ ಕೈಕೊಡಬಹುದಿತ್ತು. ನಾಲ್ಕು ಜನ ಕೂತು ಹಾಸನದ ದಾರಿ ಹಿಡಿದಿದ್ದರೆ ಎಂದು ನೆನೆಸಿಕೊಂಡು ನನಗೆ ಅಲ್ಲೇ ಕೈ ತಣ್ಣಗಾಯಿತು.

ಹೊಸ ಬೇರಿಂಗ್ ಹಾಕಲು ಅರ್ಧ ದಿನ ಹಿಡಿಯಿತು. ಖರ್ಚು ಗೇರ್‌ಬಾಕ್ಸಿಗೆ ಹೇಳಿದ್ದರ ಹತ್ತಿರಕ್ಕೂ ಹೋಗಲಿಲ್ಲ. ಹಳೆಯದನ್ನು ಮಗಳು ಕೇಳಿ ಇಸಕೊಂಡು ಬಂದಿದ್ದಾಳೆ. ಈಗ ಅದು ಅವಳ ಓದುವ ಮೇಜಿನ ಮೇಲಿದೆ. ಮನೆಗೆ ಬಂದವರ ಕೈಗೆಲ್ಲ ಕೊಟ್ಟು, "ತಿರುಗಿಸಿ ನೋಡಿ, ಒಳಗೆ ಮರಳು ಇದ್ದ ಹಾಗೆ ಗರಗರ ಅನ್ನತ್ತೆ" ಎನ್ನುತ್ತಾಳೆ.